ಮೈದುನನ ಕೈಗುಣ

ನನ್ನ ಮೈದುನನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ವರ್ಷಗಟ್ಟಲೆ ಲಾರಿ ಟಾಯರು ಹೊತ್ತ ಹೆಗಲು ಅದು. ಮುಂದೆ ಸೋಲಾಪುರದಲ್ಲಿ ಕಾರಿನ ಶೋರೂಮಿಗೆ ಮಾಲಕನಾಗಿ ಕೋಟು ಹೊಲಿಸಿದಾಗ ಟೇಲರು ಮೂರು ಸಲ ಅಳತೆ ತೆಗೆದು ಸೋತ. "ಅವಗ ಬೈಬ್ಯಾಡೊ, ಸೊಟ್ಟ ನೀನ ಅದೀ" ಎಂದು ಮೈದುನನಿಗೆ ಅಂದೆ.

ಮೊದಲು ಅವನಿಗೆ ಅಕ್ಕಲಕೋಟ ರಸ್ತೆಯಲ್ಲಿ ಪಂಕ್ಚರ್ ಅಂಗಡಿಯಿತ್ತು. ಸೋಲಾಪುರದಲ್ಲಿ ಹೊಸ ಕಾರು ಕೊಂಡವರು ಪೂಜೆಗೆಂದು ನೇರ ಅಕ್ಕಲಕೋಟದ ಗುಡಿಗೆ ಹೋಗುತ್ತಾರೆ. ದಾರಿಯಲ್ಲಿ ಗಾಳಿ ನೋಡಿಸಲು ಇವನ ಹತ್ತಿರ ನಿಲ್ಲುತ್ತಿದ್ದರು. ಇವನು ಗಾಲಿ ನೋಡಿ, ನಿಂಬೆಹಣ್ಣು ಕಟ್ಟಿ, ಚಾವಿಯನ್ನು ಬಲಗೈಯಿಂದ ಅವರ ಅಂಗೈಗೆ ಒತ್ತಿ, "ಸಾವಕಾಶ ಹೋಗ್ರಿ, ಮನಿ ಎಲ್ಲೂ ಓಡಿ ಹೋಗಂಗಿಲ್ಲ" ಅನ್ನುತ್ತಿದ್ದ. ಹಾಗೆ ಚಾವಿ ಪಡೆದ ಕಾರಿಗೆ ಗೀರೂ ಬೀಳುವುದಿಲ್ಲ ಎಂದು ಸುದ್ದಿ ಹಬ್ಬಿತು. ಹಬ್ಬಿಸಿದವರಲ್ಲಿ ನಾನೂ ಒಬ್ಬಳು, ಸುಳ್ಳೇಕೆ ಹೇಳಲಿ. ಕಡೆಗೆ ಗಿರಾಕಿಗಳು ಸೋಲಾಪುರದ ಶೋರೂಮಿನಲ್ಲಿ ಚಾವಿ ಮುಟ್ಟಲೇ ಒಲ್ಲೆವೆಂದರು. ಅಲ್ಲಿಯ ನೌಕರರು ಕಾರು ಓಡಿಸಿಕೊಂಡು ಪಂಕ್ಚರ್ ಅಂಗಡಿಗೆ ಬರಬೇಕಾಯಿತು.

ಇದೇನೆಂದು ನೋಡಲು ಪುಣೆಯಿಂದ ಕಂಪನಿ ಸಾಹೇಬರು ಬಂದರು. ಜನರಿಗೆ ಏನು ಮಾಡುತ್ತೀ ಎಂದು ಮರಾಠಿಯಲ್ಲಿ ಕೇಳಿದ್ದಕ್ಕೆ ಇವನು, ಹವಾ ತುಂಬುತ್ತೇನೆ ಸಾಹೇಬ ಅಂದನಂತೆ. ಅವರು ನಕ್ಕು ಅಕ್ಕಲಕೋಟದಲ್ಲಿ ಒಂದು ಶಾಖೆ ಕೊಟ್ಟರು. ಕೆಲವು ವರ್ಷಗಳಲ್ಲಿ ಸೋಲಾಪುರದ ಮುದುಕ ಸೇಠ ಶೋರೂಮು ಬಿಡುವಾಗ ಅದೂ ಇವನಿಗೇ ಬಂತು. ಆ ದುಡ್ಡು ಹೊಂದಿಸಲು ಕಂದಲಗಾಂವದ ನಮ್ಮ ಹೊಲ ಹೋಯಿತು. ಅಷ್ಟು ಕಾರು ಮಾರಿದರೂ ಕಾರನ್ನು ಹಿಂದಕ್ಕೆ ತೆಗೆಯಲು ಮಾತ್ರ ಅವನಿಗೆ ಬರಲಿಲ್ಲ. ಮದುವೆಯೂ ಆಗಲಿಲ್ಲ, ಟಾಯರಿನ ವಾಸನೆಗೆ ಯಾರು ಬರುತ್ತಾರೆ ಅನ್ನುತ್ತಿದ್ದ.

ಹೋದ ವರ್ಷ ಲಕ್ವಾ ಹೊಡೆದು ಅವನ ಬಲಗೈ ಬಿದ್ದುಹೋಯಿತು. ಎಷ್ಟು ಎಣ್ಣೆ ತಿಕ್ಕಿದರೂ ಏಳಲಿಲ್ಲ. ಎಡಗೈಯಿಂದ ಚಾವಿ ಕೊಡುವಂತಿಲ್ಲ. ಬುಕ್ ಮಾಡಿದವರು ಒಬ್ಬೊಬ್ಬರೇ ಬೇರೆ ಕಡೆ ಹೋಗತೊಡಗಿದರು. ಒಂದು ಮನೆತನ ಮಾತ್ರ, ನೀವು ಯಾರ ಕೈಯಿಂದ ಕೊಡಿಸಿದರೂ ತಗೊಳ್ಳುತ್ತೇವೆ ಎಂದಿತು. ಅಂದು ಅವನು ಅತ್ತಿಗೆಯಾದ ನನ್ನನ್ನು ಶೋರೂಮಿಗೆ ಕರೆದುಕೊಂಡು ಹೋದ.

ತಟ್ಟೆಯಲ್ಲಿ ಅರಿಷಿಣ, ಕುಂಕುಮ, ಚಾವಿ. ಕಾರಿನ ಮುಂದೆ ಆ ಮನೆಯ ಹೊಸ ಸೊಸೆ ಹಸಿರು ಬಳೆ ತೊಟ್ಟು ನಿಂತಿದ್ದಳು.

"ತಾಯಿಲ್ಲದ ನನಗ ಉಣಿಸಿದ ಕೈರಿ ಅದು. ವೈನಿ, ನೀವ ಕೊಡ್ರಿ," ಎಂದು ಮೈದುನ ನನಗೆ ಅಂದ.

ಗಂಡ ಸತ್ತು ಎಂಟು ವರ್ಷವಾಗಿತ್ತು. ಇಂಥ ಕೆಲಸಕ್ಕೆ ನನ್ನನ್ನು ಯಾರೂ ಕರೆಯುತ್ತಿರಲಿಲ್ಲ, ನಾನೂ ಮುಂದೆ ಹೋಗುತ್ತಿರಲಿಲ್ಲ. ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು. ಹೊರಗೆ ಬಾ ಅಂದರೂ ಬರಲಿಲ್ಲ. ಅವನು ಇನ್ನೊಮ್ಮೆ "ವೈನಿ" ಅಂದ. ಕೊನೆಗೆ ಆ ಸೊಸೆಯ ಗಂಡ, "ಇರಲಿ ಬಿಡ್ರಿ ಕಾಕಾ" ಎಂದು ಚಾವಿಯನ್ನು ತಾನೇ ತಟ್ಟೆಯಿಂದ ತೆಗೆದುಕೊಂಡ.

ಮನೆಗೆ ಬರುವಾಗ ಕಾರಿನಲ್ಲಿ ಮೈದುನ ಎಡಗೈಯಿಂದ ಬಲಗೈಯನ್ನೆತ್ತಿ ತೊಡೆಯ ಮೇಲಿಟ್ಟುಕೊಂಡು ಕೇಳಿದ:

"ನನ್ನ ಕೈಗಿ ಲಕ್ವಾ ಹೊಡದೈತಿ. ನಿಮ್ಮ ಕೈಗಿ ಏನಾಗಿತ್ರಿ?"

ಓಣಿಯಲ್ಲೆಲ್ಲ ಬಾಯಿ ಜೋರಿನವಳೆಂದು ಹೆಸರಾದವಳು ನಾನು. ಆದರೂ ನಾಳೆ ಹೇಳೋಣ, ನಾಳೆ ಹೇಳೋಣ ಅಂದುಕೊಳ್ಳುವುದರಲ್ಲೇ ದಸರೆ ಹತ್ತಿರ ಬಂತು. ಹಬ್ಬಕ್ಕೆ ನಾಲ್ಕು ದಿನವಿರುವಾಗ ಅವನು ತೀರಿಹೋದ.