ಡಬ್ಬ ಖಾಲಿಯೋ, ಡಬ್ಬವೇ ಇಲ್ಲವೋ

ಸೊನ್ನೆಯಮ್ಮನ ಮುಂದೆ ಮಾತ್ರ ‘ಇಲ್ಲ’ ಅನ್ನಬೇಡಿ ಎಂದು ನೆರೆಹೊರೆಯವರು ಹೊಸಬರಿಗೆ ಮೊದಲೇ ಹೇಳಿಬಿಡುತ್ತಿದ್ದರು. ಎದುರು ಮನೆಯವಳು ಒಮ್ಮೆ ಲೋಟ ಹಿಡಿದು ಬಂದಿದ್ದಳು.

“ಅಕ್ಕಾ, ಮನೇಲಿ ಸಕ್ಕರೆ ಇಲ್ಲ.”

“ಡಬ್ಬ ಖಾಲಿನಾ, ಡಬ್ಬಾನೇ ಇಲ್ವಾ?”

“ಎರಡೂ ಒಂದೇ ಅಲ್ವಾ?”

“ಹೇಗೆ ಒಂದಾಗುತ್ತೆ? ಖಾಲಿ ಡಬ್ಬ ನಾಳೆ ತುಂಬುತ್ತೆ. ಡಬ್ಬಾನೇ ಇಲ್ದಿದ್ರೆ ಸಕ್ಕರೆ ತಂದು ತಲೆ ಮೇಲೆ ಸುರ್ಕೋತೀಯಾ?”

ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಸೊನ್ನೆಯಮ್ಮನಿಗೆ ಬೀಜದ ಕಂಪನಿಯ ಪರೀಕ್ಷಾ ಕೋಣೆಯಲ್ಲಿ ಕೆಲಸ. ಟ್ರೇಗೆ ಇಪ್ಪತ್ತು ಬೀಜ ಬಿತ್ತಿದರೆ ಎಷ್ಟು ಮೊಳೆತವು ಎಂದು ಎಣಿಸಿ, ಕಂಪ್ಯೂಟರಿನಲ್ಲಿ ಲೆಕ್ಕ ಕಟ್ಟಬೇಕು. ಗಂಡನೂ ಅಲ್ಲೇ, ಹೊಸ ತಳಿ ಬೆಳೆಸುವವನು. ವರ್ಷಗಟ್ಟಲೆ ಒದ್ದಾಡಿ ನೇರಳೆ ಬಣ್ಣದ ಹುರುಳಿಕಾಯಿಯೊಂದನ್ನು ತಯಾರು ಮಾಡಿದ್ದ. ಮನೆಯಲ್ಲಿ ಅದಕ್ಕೆ ‘ಮಗಳು’ ಎಂದೇ ಹೆಸರು. ಹೆತ್ತವರಿಗೆ ಹೆಗ್ಗಣ ಮುದ್ದು. ಇದಂತೂ ನಿಜಕ್ಕೂ ಚೆಂದವಿತ್ತು.

ಮಗಳ ಪರೀಕ್ಷೆಯಾಯಿತು. ಕೆಲವು ಟ್ರೇಗಳಲ್ಲಿ ಮೊಳಕೆ ಕಿಕ್ಕಿರಿದಿತ್ತು, ಕೆಲವುಗಳಲ್ಲಿ ಸುಮಾರಾಗಿತ್ತು. ಆದರೆ ಬಹಳಷ್ಟು ಟ್ರೇಗಳು ಬೋಳು ಬೋಳು. ಮ್ಯಾನೇಜರು ಎಲ್ಲವನ್ನೂ ಕೂಡಿಸಿ ಭಾಗಿಸಿದರು.

“ಅರ್ಧಕ್ಕರ್ಧ ಮೊಳೆತಿಲ್ಲ. ಈ ತಳಿ ಕೈಬಿಡೋಣ. ಗಂಡನ ಪರ ವಾದ ಮಾಡೋದಿದ್ರೆ ಮನೇಲಿ ಮಾಡ್ಕೊಳ್ಳಿ ಅಮ್ಮಾ.”

“ವಾದ ಅಲ್ಲ ಸಾರ್, ಅನುಮಾನ. ಅರ್ಧ ಮೊಳೆಯೋ ಬೀಜ ಇಪ್ಪತ್ತು ಹಾಕಿ ಒಂದೂ ತಲೆ ಎತ್ತಲಿಲ್ಲ ಅಂದ್ರೆ ನಂಬೋದು ಹೇಗೆ?”

“ಕಿಟಕಿ ಹತ್ರ ಬಿಸಿ, ಬಾಗಿಲ ಹತ್ರ ಥಂಡಿ. ಟ್ರೇಗೊಂದು ಹಣೆಬರಹ ಅಂತ ನೀವೇ ಹೇಳ್ತಿದ್ರಲ್ಲ?”

“ಅದನ್ನೂ ಸೇರಿಸಿಯೇ ಲೆಕ್ಕ ಕಟ್ಟಿದೀನಿ.”

ಒಂದೊಂದು ಟ್ರೇಗೂ ಅದರದೇ ಹಣೆಬರಹ ಉಂಟೆಂದು ಒಪ್ಪಿಕೊಂಡು ಹೊರಡುವ ಲೆಕ್ಕವೊಂದಿದೆ, ಬೀಟಾ-ಬೈನಾಮಿಯಲ್ ಎನ್ನುತ್ತಾರೆ. ತುಂಬಿದ ಟ್ರೇ, ಬಡಕಲು ಟ್ರೇ, ಒಂದೆರಡು ಸೊನ್ನೆ, ಎಲ್ಲವನ್ನೂ ಅದು ಮಡಿಲಿಗೆ ಹಾಕಿಕೊಳ್ಳುತ್ತದೆ. ಅದರ ಮಡಿಲಲ್ಲೂ ಹಿಡಿಸದಷ್ಟು ಸೊನ್ನೆಗಳು ಇಲ್ಲಿದ್ದವು. ಮಿಕ್ಕ ಸೊನ್ನೆಗಳು ಬೇರೆ ತಾಯಿಯ ಮಕ್ಕಳೇ, ಅವಕ್ಕೆ ಬೇರೆಯದೇ ಕಾರಣ ಇರಬೇಕು. ಆ ಟ್ರೇಗಳಲ್ಲಿ ಬೀಜ ಸೋತದ್ದಲ್ಲ, ಅದಕ್ಕೆ ಗೆಲ್ಲಲು ಜಾಗವೇ ಇರಲಿಲ್ಲ. ಆದರೆ ಯಾಕೆ?

ಊಟಕ್ಕೆ ಕೂತಾಗ ಗಂಡನನ್ನು ಕೇಳಿದಳು, “ರೀ, ಟ್ರೇ ತೊಳೆದಿದ್ದು ಯಾರು?”

“ನಾನೇ!” ಅವನ ಎದೆ ಉಬ್ಬಿತು. “ಹೊಸವು ಸಾಲಲಿಲ್ಲ. ಹಳೇವನ್ನ ಬ್ಲೀಚಿಂಗ್ ನೀರಲ್ಲಿ ನೆನೆಸಿಟ್ಟೆ. ನಮ್ಮ ಮಗಳು ಕೊಳಕಲ್ಲಿ ಮಲಗಬೇಕಾ?”

“ಆಮೇಲೆ ಒಳ್ಳೆ ನೀರಲ್ಲಿ ಜಾಲಿಸಿದ್ರಾ?”

“ಜಾಲಿಸ್ಬೇಕಿತ್ತಾ? ಹಾಗೇ ಒಣಗಿಸಿಬಿಟ್ಟೆ” ಎಂದ ಅವನು. ಸೊನ್ನೆಯಮ್ಮನಿಗೆ ನಗು ಒತ್ತರಿಸಿ ತುತ್ತು ನೆತ್ತಿಗೆ ಹತ್ತಿತು. “ಅಯ್ಯೋ, ಮುದ್ದು ಮಾಡೋಕೆ ಹೋಗಿ ಮಗಳಿಗೇ ವಿಷ ಹಾಕಿದ್ರಲ್ರೀ!”

“ವರದೀಲಿ ಇದನ್ನೂ ಬರೀತೀಯಾ?”

“ಬರೀದೆ ಬಿಡ್ತೀನಾ? ನಿಮ್ಮ ಮಾನ ಬೇಕೋ, ಮಗಳು ಬೇಕೋ?”

ಅವನು ನೀರು ಕುಡಿದು, “ಮಗಳು” ಎಂದ.

ಬೋಳು ಟ್ರೇಗಳೆಲ್ಲ ಹಳೆಯವೇ ಎಂದು ಮಾರನೆಯ ದಿನ ತಾಳೆಯಾಯಿತು. ಒಳ್ಳೆಯ ಟ್ರೇಗಳಲ್ಲೂ ಗಂಡ ಕೊಚ್ಚಿಕೊಂಡಷ್ಟು ಮೊಳೆತಿಲ್ಲ ಎಂಬುದನ್ನೂ ಅವಳು ಮುಚ್ಚಿಡಲಿಲ್ಲ. ಮ್ಯಾನೇಜರು ಹೊಟ್ಟೆ ಹಿಡಿದು ನಕ್ಕು, ಹೊಸ ಟ್ರೇಗಳಲ್ಲಿ ಇನ್ನೊಮ್ಮೆ ಬಿತ್ತಿಸಿದರು. ಈ ಸಲ ಒಂದೂ ಬೋಳಿರಲಿಲ್ಲ. ಮಗಳು ಉಳಿದಳು, ಅಂಗಡಿ ಸೇರಿದಳು. ಬ್ಲೀಚಿಂಗ್ ಕತೆ ಬೀದಿಯ ಬಾಯಿಗೆ ಬಿತ್ತು.

ಮುಂದೆ ಕಂಪನಿ ಆ ತಳಿಯ ತೋಟವನ್ನೇ ಗಂಡನಿಗೆ ಒಪ್ಪಿಸಿ, ಅಲ್ಲೇ ಮನೆಯನ್ನೂ ಕೊಟ್ಟಿತು. ಸಾಮಾನಿನ ಲಾರಿ ಮುಂದೆ ಹೋದ ಮೇಲೆ ಎದುರು ಮನೆಯವಳು ಇಣುಕಿದಳು.

“ಒಳಗೆ ಇನ್ನೇನೂ ಇಲ್ವಲ್ಲ ಅಕ್ಕಾ?”

“ಖಾಲಿ ಅಷ್ಟೇ. ಮನೆ ಇದೆಯಲ್ಲ, ಯಾರಾದ್ರೂ ತುಂಬ್ತಾರೆ.” ಸೊನ್ನೆಯಮ್ಮ ತನ್ನ ಸಕ್ಕರೆ ಡಬ್ಬವನ್ನು ಅವಳ ಕೈಗಿಟ್ಟಳು. ಅಲ್ಲಾಡಿಸಿದರೆ ಗಲಗಲ ಎಂದಿತು. ಒಳಗೆ ಹುರುಳಿಕಾಯಿ ಬೀಜ.

“ಡಬ್ಬ ತೊಳೆದಿದ್ದು ಯಾರು?”

“ನಾನೇ ಕಣೇ. ಅವರ ಕೈಗೆ ಕೊಡ್ತೀನಾ?”

ಬೀದಿಯಿಂದ ಗಂಡ, “ಕೇಳಿಸ್ತು!” ಎಂದು ಕೂಗಿದ. ಸೊನ್ನೆಯಮ್ಮ ಬಾಗಿಲೆಳೆದು, ನಗುತ್ತಲೇ ಮೆಟ್ಟಿಲಿಳಿದಳು.