ನೆಟ್ಟ ನೋಟ

ಯಗಟಿಯ ಹುಲಿಯಮ್ಮನ ಬಾಯಿಗೆ ಹೆದರದ ಕುರಿ ಇರಲಿಲ್ಲ, ಹೆದರದ ಮನುಷ್ಯರೂ ಕಡಿಮೆಯೇ. ನಲವತ್ತು ವರ್ಷ ಕುರಿ ಕಾಯ್ದವಳು. ನಾಲಿಗೆ ಮಡಚಿ ‘ಟ್ರುರ್ರ್’ ಎಂದರೆ ಮಂದೆ ನಿಲ್ಲುತ್ತಿತ್ತು, ಕೋಲು ಎಡಕ್ಕೆ ಚಾಚಿದರೆ ಎಡಕ್ಕೆ ಹೊರಳುತ್ತಿತ್ತು. ಯಾರದೋ ರಾಗಿ ಹೊಲಕ್ಕೆ ಬಾಯಿ ಹಾಕಲು ಹೊರಟ ಕುರಿಯ ಕಡೆ ಅವಳು ಒಮ್ಮೆ ಕಣ್ಣು ಬಿಟ್ಟರೆ ಸಾಕು, ಅದು ತೆಪ್ಪಗೆ ಹಿಂದೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಮಗ ಭೈರೇಶನನ್ನು ಓದಿಸಿದ್ದು, ಅವನಿಗೆ ಮದುವೆ ಮಾಡಿದ್ದು ಎಲ್ಲ ಆ ಕುರಿಗಳಿಂದಲೇ.

ಈ ಸಲದ ಸಂಕ್ರಾಂತಿ ಕಳೆದು ವಾರಕ್ಕೆ ಅವಳಿಗೆ ಲಕ್ವ ಹೊಡೆಯಿತು. ಕೈಕಾಲು ಬಿದ್ದವು, ಕತ್ತು ತಿರುಗದಾಯಿತು, ಮಾತು ಹೋಯಿತು. ಗಂಟಲಲ್ಲಿ ಉಳಿದದ್ದು ‘ಹೂಂ’ ಎಂಬ ಒಂದೇ ಸದ್ದು. ಹಾಳಾದ್ದು, ಉಳಿಯುವುದಕ್ಕೆ ಬೇರೆ ಸದ್ದೇ ಸಿಗಲಿಲ್ಲವೇ! ನೀರು ಬೇಕಾ ಎಂದರೂ ಹೂಂ, ಸಾಕಾ ಎಂದರೂ ಹೂಂ. ಒಳಗೆ ‘ಬೇಡ’ ಎಂದು ಕಿರುಚಿಕೊಂಡರೂ ಹೊರಗೆ ಬರುವುದು ಹೂಂ. ಹೀಗೆ ಮೂರು ತಿಂಗಳು ಹುಲಿಯಮ್ಮ ಉಪ್ಪಿಲ್ಲದ ಗಂಜಿಗೂ, ಹಾಸಿಗೆ ಬದಲಿಸದ ದಿನಗಳಿಗೂ ಒಪ್ಪಿಗೆ ಕೊಟ್ಟಳು.

“ಅವ್ವ ಈಗ ಬಲೇ ಒಳ್ಳೇಳಾಗವ್ಳೆ ಕಣೇ. ಏನಂದ್ರೂ ಹೂಂ ಅಂತಾಳೆ” ಎಂದು ಭೈರೇಶ್ ಹೆಂಡತಿ ಸ್ಫೂರ್ತಿಗೆ ಹೇಳುತ್ತಿದ್ದ. ಅದನ್ನು ಕೇಳಿಸಿಕೊಂಡು ಹುಲಿಯಮ್ಮನ ಮೈಯೆಲ್ಲ ಉರಿಯುತ್ತಿತ್ತು.

ಅವಳು ಜೀವ ಹಿಡಿದುಕೊಂಡಿದ್ದು ಸಂಜೆ ಹೊತ್ತಿನ ಒಂದು ಸದ್ದಿಗಾಗಿ. ಪಕ್ಕದ ಮನೆಯ ಬಸವರಾಜ ತನ್ನ ಮಂದೆಯ ಜೊತೆ ಅವಳ ಕುರಿಗಳನ್ನೂ ಮೇಯಿಸಿಕೊಂಡು ಬಂದು ರೊಪ್ಪಕ್ಕೆ ಕೂಡುತ್ತಿದ್ದ. ಗಂಟೆ ಕಟ್ಟಿದ ಚುಕ್ಕಿ ಎಂಬ ಹೆಣ್ಣುಕುರಿ ಮಾತ್ರ ರೊಪ್ಪಕ್ಕೆ ಹೋಗದೆ ಜಗಲಿಗೆ ಹತ್ತಿ, ಅವಳ ಮಂಚಕ್ಕೆ ತಲೆ ಉಜ್ಜುತ್ತಿತ್ತು. ಹುಲಿಯಮ್ಮ ಅದನ್ನು ಒಂದು ಗಳಿಗೆ ನೋಡಿ ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದಳು. ಅದು ಅವಳ ಅತ್ತೆ ಕಲಿಸಿದ ಪಾಠ. ಮೊದಲ ಸಲ ಮರಿಗಳನ್ನು ಬೆರಗಿನಿಂದ ನೋಡುತ್ತ ನಿಂತಿದ್ದ ಸೊಸೆಗೆ ಅತ್ತೆ ಗದರಿದ್ದಳು: “ಹಂಗ್ ನೆಟ್ಕಂಡ್ ನೋಡ್ಬ್ಯಾಡ ಕಣೇ, ಕಣ್ ತಾಗ್ತದೆ. ಸಾಕ್ದೋರ್ ಕಣ್ಣೇ ಮೊದ್ಲು ತಾಗಾದು.” ಅಂದಿನಿಂದ ಹುಲಿಯಮ್ಮ ಮರಿಯನ್ನಾಗಲಿ, ಉಣ್ಣುವ ಮಗನನ್ನಾಗಲಿ ಕಣ್ತುಂಬ ನೋಡಿದವಳಲ್ಲ. ನೆಟ್ಟು ನೋಡುವುದೇನಿದ್ದರೂ ತೋಳವನ್ನು, ಕಳ್ಳನನ್ನು.

ಬೇಸಿಗೆಯಲ್ಲಿ ಕಡೂರಿನಿಂದ ಸಂಹಿತಾ ಎಂಬ ಹುಡುಗಿ ಬಂದಳು. ಕೈ, ಬಾಯಿ ಬಿದ್ದುಹೋದವರು ಕಣ್ಣಿನಲ್ಲೇ ನಡೆಸುವ ಯಂತ್ರವನ್ನು ರೂಪಿಸುವ ಕೆಲಸ ಅವಳದು. ಮಂಚದ ಕಂಬಿಗೆ ಒಂದು ಪರದೆ ಕಟ್ಟಿದಳು. ಅದರ ಕೆಳಗೊಂದು ಪುಟ್ಟ ಕ್ಯಾಮೆರಾ. ಓದು ಬಾರದ ಹುಲಿಯಮ್ಮನಿಗೆ ಲೋಟ, ತಟ್ಟೆ, ಅಡ್ಡ ಹಿಡಿದ ಕೈ, ಹೀಗೆ ಚಿತ್ರಗಳು.

“ಅಜ್ಜಿ, ಬೇಕಾದ್ದನ್ನ ಎರಡು ಸೆಕೆಂಡ್ ನೋಡ್ತಾ ಇರಿ ಸಾಕು, ಅದೇ ಮಾತಾಡುತ್ತೆ. ಮನುಷ್ಯರು ತಮಗೆ ಬೇಕಾದ್ದನ್ನೇ ತಾನೇ ಹೆಚ್ಚು ಹೊತ್ತು ನೋಡೋದು?” ಎಂದಳು. ಒಳ್ಳೆಯ ಹುಡುಗಿ. ಯಾರ ಮನೆಯ ಮನುಷ್ಯರು ಎಂದು ಕೇಳಿಕೊಳ್ಳಲಿಲ್ಲ, ಅಷ್ಟೇ.

ಸ್ಫೂರ್ತಿ ಗಂಜಿ ತಂದಳು. ಹುಲಿಯಮ್ಮ ಅಡ್ಡ ಹಿಡಿದ ಕೈಯನ್ನು ಗುರಾಯಿಸಿದಳು. “ನನಗೆ ಇದು ಬೇಡ” ಎಂದಿತು ಯಂತ್ರ, ಪೇಟೆ ಹೆಣ್ಣಿನ ನಯವಾದ ದನಿಯಲ್ಲಿ.

“ಅಯ್ಯೋ, ನಮ್ಮತ್ತೆ ರೇಡಿಯೋದೋರಂಗ್ ಮಾತಾಡ್ತಾರಲ್ರೀ!” ಎಂದು ಸ್ಫೂರ್ತಿ ನಕ್ಕಳು. ಹುಲಿಯಮ್ಮನಿಗೆ ಸಂತೋಷವೋ ಸಂತೋಷ. ಮೂರು ತಿಂಗಳ ಬೇಡಗಳನ್ನೆಲ್ಲ ಅವತ್ತೇ ಹೇಳಿ ಮುಗಿಸಿದಳು.

ಆಷಾಢದಲ್ಲಿ ತರೀಕೆರೆಯ ವ್ಯಾಪಾರಿ ಕಲ್ಲಪ್ಪ ಟೆಂಪೊ ತಂದು ಮನೆ ಮುಂದೆ ನಿಲ್ಲಿಸಿದ. ಭೈರೇಶನಿಗೆ ಕುರಿ ಸಾಕುವ ಮನಸ್ಸಿರಲಿಲ್ಲ. ಎಷ್ಟು ದಿನ ಬಸವರಾಜನ ಹಂಗು ಎಂದು ಅವನ ಲೆಕ್ಕ. ಆದರೂ ಅವನು ಕೆಟ್ಟವನಲ್ಲ, ಅದೇ ಸಂಕಟ. ಅವ್ವನನ್ನು ಕೇಳಿಯೇ ಮಂದೆ ಮಾರುತ್ತೇನೆ ಎಂದ. ಸಂಹಿತಾ ಹೇಳಿಕೊಟ್ಟಂತೆ ಪರದೆಯಲ್ಲಿ ಎರಡೇ ಫೋಟೋ ಹಾಕಿದ. ಒಂದು ಕಡೆ ಚುಕ್ಕಿ, ಅಂದರೆ ‘ಇಟ್ಟುಕೊಳ್ಳಿ’. ಇನ್ನೊಂದು ಕಡೆ ಕಲ್ಲಪ್ಪನ ಟೆಂಪೊ, ಅಂದರೆ ‘ಮಾರಿ’.

“ಅವ್ವಾ, ನೀನ್ ಹೆಂಗಂತೀಯೋ ಹಂಗೆ” ಎಂದ.

ಚುಕ್ಕಿ ಪರದೆ ತುಂಬ ನಿಂತಿತ್ತು, ಕತ್ತಿನ ಗಂಟೆ ಸಮೇತ. ಹುಲಿಯಮ್ಮನ ಕಣ್ಣು ಅತ್ತ ಹಾರಿತು. ಮುಟ್ಟಿದ್ದೇ ತಡ, ನಲವತ್ತು ವರ್ಷದ ಅಭ್ಯಾಸ ಅದನ್ನು ಅಲ್ಲಿಂದ ಹೊರಳಿಸಿತು. ಹೊರಳಿದ ಕಣ್ಣಿಗೆ ಟೆಂಪೊ ಸಿಕ್ಕಿತು. ಅವಳಿಗೆ ರೋಷ ಬಂತು. ತೋಳವನ್ನು ನೋಡುವಂತೆ ಅದನ್ನು ದಿಟ್ಟಿಸಿದಳು. ಒಂದು, ಎರಡು.

“ಮಾರಿ” ಎಂದಿತು ಯಂತ್ರ.

“ಆಯ್ತಲ್ಲ, ಯಜಮಾನ್ತಿನೇ ಹೇಳ್ತು” ಎಂದು ಕಲ್ಲಪ್ಪ ಎದ್ದ.

ಹುಲಿಯಮ್ಮ ಇದ್ದಬದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. “ಹೂಂ! ಹೂಂ!”

“ಹೂಂ ಅಂತಾನೂ ಅಂತಾವ್ಳೆ” ಎಂದು ಭೈರೇಶ್ ಸಮಾಧಾನದ ಉಸಿರು ಬಿಟ್ಟ. ಅವಳು ಮತ್ತೆ ಚುಕ್ಕಿಯ ಕಡೆ ಕಣ್ಣು ನೆಡಲು ನೋಡಿದಳು. ಆದರೆ ಕಣ್ಣಲ್ಲಿ ನೀರು ತುಂಬಿ ಕ್ಯಾಮೆರಾಕ್ಕೆ ಪಾಪೆ ಸಿಗಲಿಲ್ಲ. “ದಯವಿಟ್ಟು ಪರದೆಯನ್ನು ನೋಡಿ” ಎಂದು ಯಂತ್ರ ವಿನಯದಿಂದ ಹೇಳುತ್ತಲೇ ಇತ್ತು. “ಸಾಕಿದ್ ಜೀವ, ಕಳಿಸೋವಾಗ ಅಳು ಬರಾಕಿಲ್ವಾ?” ಎಂದು ಸ್ಫೂರ್ತಿ ಸೆರಗಿನಿಂದ ಅತ್ತೆಯ ಕಣ್ಣೊರೆಸಿದಳು. ಅಷ್ಟರಲ್ಲಿ ಟೆಂಪೊದ ಹಿಂಬಾಗಿಲು ಹಾಕಿದ ಸದ್ದು ಕೇಳಿಸಿತು, ಆಮೇಲೆ ಚುಕ್ಕಿಯ ಗಂಟೆ ಊರಾಚೆಯವರೆಗೆ ಕೇಳಿಸಿತು.

ತಿಂಗಳ ಮೇಲೆ ಸಂಹಿತಾ ಬಂದಳು. ಪರದೆಯ ಲೆಕ್ಕ ತೆಗೆದು ನೋಡಿ ಅವಳ ಮುಖ ಅರಳಿತು.

“ಅಜ್ಜಿ ಎಷ್ಟು ಚೆನ್ನಾಗಿ ಕಲಿತಿದ್ದಾರೆ! ದಿನಕ್ಕೆ ಇನ್ನೂರು ಸಲ ಬಳಸಿದ್ದಾರೆ. ಆದ್ರೆ ಸೌಂಡ್ ಯಾಕೆ ಆಫ್ ಮಾಡಿದೀರಿ?”

“ಇನ್ನೇನ್ ಮಾಡಾದ್ ಮೇಡಂ? ಬೆಳಿಗ್ಗೆಯಿಂದ ಸಂಜೆಗಂಟ ಇಟ್ಕೊಳ್ಳಿ, ಇಟ್ಕೊಳ್ಳಿ ಅಂತಾನೇ ಇರ್ತದೆ. ತಲೆ ಕೆಟ್ಟೋಯ್ತದೆ” ಎಂದ ಭೈರೇಶ್.

ಮಂಚದ ಮೇಲೆ ಹುಲಿಯಮ್ಮ ರೆಪ್ಪೆ ಬಡಿಯದೆ, ಪರದೆಯಲ್ಲೇ ಉಳಿದಿದ್ದ ಚುಕ್ಕಿಯ ಫೋಟೋ ನೋಡುತ್ತಿದ್ದಳು. ಕಣ್ಣು ಹೊರಳಿಸಬೇಕಾದ ಕಾರಣ ಈಗಿರಲಿಲ್ಲ. ತಾಗುವುದಕ್ಕೆ ರೊಪ್ಪದಲ್ಲಿ ಒಂದು ಮರಿಯೂ ಉಳಿದಿರಲಿಲ್ಲ.