ಅಪ್ಪನ ಎರಡು ಕೆಮ್ಮು

ನಾನು ಚಿಕ್ಕವನಿದ್ದಾಗ ಒಂದು ಸಂಜೆ ಅಪ್ಪನ ದನಿ ಕದ್ದೆ. ಮೊದಲೇ ಒಪ್ಪಿಕೊಂಡುಬಿಡುತ್ತೇನೆ ಮಕ್ಕಳೇ, ಕದ್ದವನು ನಾನೇ. ಸಿಕ್ಕಿಬಿದ್ದದ್ದೂ ನನ್ನದೇ ಜಾಣತನದಿಂದ. ಇಷ್ಟು ಅಂದವಾದ ಅಕ್ಷರದಲ್ಲಿ ತನ್ನ ಕಳ್ಳತನವನ್ನು ತಾನೇ ಬರೆದುಕೊಟ್ಟ ಕಳ್ಳ ಇಡೀ ಬಸವನಗುಡಿಯಲ್ಲಿ ಇನ್ನೊಬ್ಬನಿರಲಿಲ್ಲ.

ಅಪ್ಪ ಸಂಜೆ ಹೊತ್ತು ನಮ್ಮ ಜಗಲಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದರು. ಏಳೆಂಟು ಹುಡುಗರು, ಅವರ ಜೊತೆ ನಾನೂ, ತಣ್ಣನೆಯ ಕೆಂಪು ಗಾರೆ ನೆಲದ ಮೇಲೆ ಕಾಯುತ್ತಾ ಕೂರುತ್ತಿದ್ದೆವು. ಅಪ್ಪ ಒಳಗೆ ಕಾಫಿ ಮುಗಿಸುತ್ತಾ, ಬಾಗಿಲ ಪರದೆಯ ಹಿಂದಿನಿಂದಲೇ "ಪುಸ್ತಕ ತೆಗೀರಿ" ಎನ್ನುತ್ತಿದ್ದರು. ಮೊದಲು ದನಿ, ಆಮೇಲೆ ನಶ್ಯದ ಘಾಟು, ಕೊನೆಗೆ ಅಪ್ಪ. ನಾನೋ, ಹಾಲಿನವನಿಂದ ಹೆಡ್‌ಮಾಸ್ಟರರವರೆಗೆ ಎಲ್ಲರ ದನಿ ತೆಗೆಯುತ್ತಿದ್ದೆ. ನನ್ನ ದನಿ ಹೇಗಿದೆ ಎನ್ನುವುದು ಮಾತ್ರ ನನಗೇ ಮರೆತುಹೋಗಿತ್ತು.

ಆ ಶುಕ್ರವಾರ ವೀಳ್ಯದೆಲೆ ತರಲು ಗಾಂಧಿ ಬಜಾರಿಗೆ ಹೋದ ಅಪ್ಪ ತಡಮಾಡಿದರು. ನಾನು ಹಿಟ್ಟಿನ ಗಿರಣಿಯಿಂದ ಡಬ್ಬಿ ಹೊತ್ತು ಹಿತ್ತಲ ಕಡೆಯಿಂದ ಬಂದೆ. ಪಾಠವಿಲ್ಲದಿದ್ದರೆ ಎಲ್ಲರೂ ಲಗೋರಿ ಆಡಬಹುದಲ್ಲ ಅನ್ನಿಸಿತು. ಪರದೆಯ ಹಿಂದೆ ನಿಂತು ಥೇಟ್ ಅಪ್ಪನ ಹಾಗೆ ಎರಡು ಸಲ ಕೆಮ್ಮಿ, "ಇವತ್ತು ಪಾಠ ಇಲ್ರಪ್ಪಾ, ಹೊರಡಿ" ಎಂದೆ. ಚಪ್ಪಲಿಗಳ ಸದ್ದು ಬೀದಿಯ ತುದಿಗೆ ಓಡಿತು. ಅವರ ಹಿಂದೆ ಹೊರಡುವಷ್ಟರಲ್ಲಿ ಅಪ್ಪ ಬಂದೇಬಿಟ್ಟರು. ನಾನು ಹಿತ್ತಲಿನಿಂದ ಸುತ್ತು ಹಾಕಿ, ಆಗ ತಾನೇ ಗಿರಣಿಯಿಂದ ಬಂದವನಂತೆ ಮುಂಬಾಗಿಲಲ್ಲಿ ಕಾಣಿಸಿಕೊಂಡೆ. ತಲೆತುಂಬಾ ರಾಗಿ ಹಿಟ್ಟು ಸಾಕ್ಷಿಗೆ ಇತ್ತು.

ಬೀದಿಯಲ್ಲಿ ಅಪ್ಪನಿಗೆ ಸಿಕ್ಕ ಹುಡುಗನೊಬ್ಬ "ನೀವೇ ಹೋಗಿ ಅಂದ್ರಲ್ಲಾ ಸಾರ್" ಎಂದಿದ್ದನಂತೆ. ಅಪ್ಪನ ಅನುಮಾನ ಮನೆಯಲ್ಲೇ ಇದ್ದ ಅಕ್ಕನ ಮೇಲೆ ಹೋಯಿತು. ಗಲಾಟೆಯಲ್ಲಿ ಪರೀಕ್ಷೆಗೆ ಓದಲಾಗುವುದಿಲ್ಲ ಎಂದು ಅವಳು ವಾರದಿಂದ ಗೊಣಗುತ್ತಿದ್ದಳು.

"ಯಾರ ಕೈಲಿ ಹೇಳಿಸ್ದೆ? ಗೊತ್ತಾಗೋವರೆಗೂ ಭಾನುವಾರ ಲಾಲ್‌ಬಾಗ್ ಇಲ್ಲ."

ಲಾಲ್‌ಬಾಗಿನ ಹೂವಿನ ಪ್ರದರ್ಶನಕ್ಕಾಗಿ ಅಕ್ಕ ಲಂಗಕ್ಕೆ ಇಸ್ತ್ರಿ ಹಾಕಿ ಮಡಿಸಿಟ್ಟಿದ್ದಳು. ಅವಳು ನನ್ನ ಕಡೆ ತಿರುಗಿದಳು. "ನೀನೇ ಕಣೋ. ಹೇಗೆ ಅಂತ ಮಾತ್ರ ಗೊತ್ತಾಗ್ತಿಲ್ಲ." ನಾನು ಹಿಟ್ಟು ಕೊಡವಿಕೊಂಡೆ. ಊಟಕ್ಕೆ ಕೂತಾಗ ಅಪ್ಪ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು, ಅವಳು ನನ್ನನ್ನು ನೋಡಿದಳು. ನಾನು ಸಾರನ್ನೇ ನೋಡುತ್ತಿದ್ದೆ.

ಶನಿವಾರ ಅಪ್ಪ ಪಾಠ ಶುರು ಮಾಡಿದರು. "ಆದದ್ದನ್ನ ಒಂದಾದ ಮೇಲೊಂದು ಹೇಳ್ತಾ ಹೋದ್ರೆ ಬರೀ ಭೂತಕಾಲ ಸಾಕು. ಒಂದು ಹೇಳ್ತಾ, ಅದಕ್ಕೂ ಮುಂಚೆ ಮುಗಿದಿದ್ದನ್ನ ಹಿಂತಿರುಗಿ ಹೇಳೋದಾದ್ರೆ 'ಹ್ಯಾಡ್' ಹಾಕ್ಬೇಕು. ಈಗ ನಿನ್ನೆ ಸಂಜೆ ಏನಾಯ್ತು, ಬರೀರಿ."

ಹುಡುಗರು ಎರಡು ಸಾಲಿಗೇ ಏದುಸಿರು ಬಿಟ್ಟರು. ನಾನು ಒಂದು ಪುಟ ತುಂಬಿಸಿದೆ. ನಾನು ಗಿರಣಿಯಿಂದ ಬಂದೆ, ಅಷ್ಟರಲ್ಲಿ ಹುಡುಗರು ಹೋಗಿದ್ದರು. ಅದಕ್ಕೂ ಮುಂಚೆ ಒಳಗಿನ ದನಿ ಎರಡು ಸಲ ಕೆಮ್ಮಿತ್ತು. ಬೇಕಾದ ಕಡೆಯೆಲ್ಲ ಹ್ಯಾಡ್, ಬೇಡದ ಕಡೆ ಒಂದೂ ಇಲ್ಲ.

ಅಪ್ಪ ನನ್ನ ಪುಸ್ತಕಕ್ಕೆ ಕೆಂಪು ಪೆನ್ಸಿಲಿನಲ್ಲಿ ಹತ್ತಕ್ಕೆ ಹತ್ತು ಹಾಕಿದರು. ಆಮೇಲೆ ಮೆಲ್ಲಗೆ ಕೇಳಿದರು: "ಕೆಮ್ಮಿನ ವಿಷಯ ಬೇರೆ ಯಾರೂ ಬರೆದಿಲ್ವಲ್ಲಪ್ಪಾ. ಎಲ್ರೂ ಹೋದ್ಮೇಲೆ ಬಂದವನಿಗೆ ಹೇಗೆ ಕೇಳಿಸ್ತು?"

"ಯಾರೋ... ಹೇಳಿದ್ರು ಅಪ್ಪಾ."

"ನಾನು ಎರಡು ಸಲ ಕೆಮ್ತೀನಿ ಅಂತ ನನಗೇ ಗೊತ್ತಿರ್ಲಿಲ್ಲ."

ಪರದೆಯ ಹಿಂದೆ ಅಕ್ಕ ಕಿಸಕ್ಕೆಂದಳು.

ಈಗ ನಿಮ್ಮ ಪಾಠ ರದ್ದಾದರೆ ಫೋನಿಗೆ ಸುದ್ದಿ ಬರುತ್ತದೆ. ಹ್ಯಾಡ್ ತಪ್ಪಿದರೆ ಅದೇ ಫೋನು ಕೆಳಗೆ ಗೆರೆ ಎಳೆದು ತೋರಿಸುತ್ತದೆ. ಪಾಪ, ಒಳ್ಳೆಯ ಮೇಷ್ಟ್ರು ಅದು; ಆದರೆ ಎಲ್ಲವೂ ಸರಿಯಿದ್ದಾಗ ಅದಕ್ಕೆ ಅನುಮಾನ ಬರುವುದಿಲ್ಲ. ಅಪ್ಪನಿಗೆ ಹಾಗೆ ಸರಿಯಿದ್ದಾಗಲೇ ಅನುಮಾನ ಹೆಚ್ಚು ಬರುತ್ತಿತ್ತು.

ಆ ಸಂಜೆ ಅವರು ಬೈಯಲಿಲ್ಲ, ಹೊಡೆಯಲಿಲ್ಲ. ಪುಸ್ತಕ ನನ್ನ ಕೈಗಿಟ್ಟು ಇಷ್ಟೇ ಹೇಳಿದರು: "ನಾಳೆ ಅಕ್ಕ ಲಾಲ್‌ಬಾಗಿಗೆ ಹೋಗ್ಲಿ. ನೀನು ಎಲ್ಲರ ಮನೆ ಬಾಗಿಲಿಗೂ ಹೋಗಿ, ಶುಕ್ರವಾರದ ಬಾಕಿ ಪಾಠ ಇವತ್ತು ಇದೆ ಅಂತ ನನ್ನ ದನೀಲೇ ಕೂಗಿ ಬಾ. ಕೆಮ್ಮು ಮರೀಬೇಡ."